ಗುಂಡಣ್ಣ ನನ್ನ ಕಾಲು ಕಚ್ಚಿದ ವಾರ

ಕಚ್ಚಿದ್ದು ಮಂಗಳವಾರ ಬೆಳಿಗ್ಗೆ, ಐದೂಮುಕ್ಕಾಲಿಗೆ. ಹಾಲಿನ ಪ್ಯಾಕೆಟ್ ತರೋಣ ಅಂತ ಬಾಗಿಲ ಕಡೆ ಹೊರಟಿದ್ದೆ. ಗುಂಡಣ್ಣ ಹಾಲ್‌ನ ಕಿಟಕಿ ಕಟ್ಟೆ ಮೇಲೆ ಕೂತು ಹೊರಗೆ ನೋಡುತ್ತಿದ್ದ. ಬಾಲ ಪೊರಕೆಯ ಹಾಗೆ ಉಬ್ಬಿತ್ತು. "ಏನಾಯ್ತೋ ಮರಿ" ಅಂತ ಹತ್ತಿರ ಹೋದೆ, ಅಷ್ಟೆ. ಹಾರಿ ಬಂದು ಮೀನಖಂಡಕ್ಕೆ ಹಲ್ಲು ಹಾಕಿದ. ಆಟಕ್ಕೆ ಕಚ್ಚಿದ್ದಲ್ಲ. ನಾಲ್ಕು ತೂತು, ರಕ್ತ ಇಳಿಯುತ್ತಿತ್ತು.

ಗುಂಡಣ್ಣ ನಮ್ಮ ಮನೆಯ ಕೇಸರಿ ಬೆಕ್ಕು. ಐದು ವರ್ಷ, ಸಂತಾನಹರಣ ಆಪರೇಷನ್ ಆಗಿದೆ, ಹೊರಗೆ ಹೋಗುವುದಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಇವನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಗ್ಯಾಸ್ ಸಿಲಿಂಡರ್ ತರುವ ಹುಡುಗನ ಕಾಲಿಗೂ ಮೈ ಉಜ್ಜುವವನು.

ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದೆ, ಅವತ್ತೇ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ. ಅವನಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಆಗುತ್ತದೆ, ಆದರೂ ಹೋದೆ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ. ತೂತು ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ಲಸಿಕೆ ಇಲ್ಲದ, ಬೀದಿ ಸುತ್ತುವ ಬೆಕ್ಕು ಹೀಗೆ ಏಕಾಏಕಿ ತಿರುಗಿಬಿದ್ದರೆ ಮೊದಲು ರೇಬೀಸನ್ನೇ ಅನುಮಾನಿಸಬೇಕು. ಅಲ್ಲಿ "ನಾಳೆ ನೋಡೋಣ" ಅನ್ನುವ ಮಾತೇ ಇಲ್ಲ.

ಬುಧವಾರ ಮಗನ ಹಾಸಿಗೆ ಮೇಲೆ ಉಚ್ಚೆ ಹೊಯ್ದ. ಗುರುವಾರ ಪೂರ್ತಿ ಮಂಚದ ಕೆಳಗೆ. ಯಜಮಾನರು ಎತ್ತಿಕೊಳ್ಳಲು ಹೋದರೆ ಬುಸ್ ಅಂದ.

ಮನೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. "ಕೊತ್ತಿಗೆ ಗಾಳಿ ಸೋಕಿದೆ ಕಣೆ" ಅಂದರು ಅತ್ತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿಯೂ ಆಯಿತು. ಮಗನ ಪ್ರಕಾರ ಬೆಕ್ಕಿಗೆ ಬೋರ್ ಆಗಿದೆ. ನಾನು ಇನ್ನೂ ಪೆದ್ದಿ. ಹಿಂದಿನ ವಾರ ಹಾಸನಕ್ಕೆ ಮದುವೆಗೆ ಹೋಗಿ ಮೂರು ದಿನ ಇರಲಿಲ್ಲವಲ್ಲ, ಅದಕ್ಕೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಬೆಕ್ಕು ಹಗೆ ಇಟ್ಟುಕೊಂಡು ಲೆಕ್ಕ ಚುಕ್ತಾ ಮಾಡುವ ಪ್ರಾಣಿ ಅಲ್ಲ. ಅದು ನಮ್ಮ ನೆಂಟರ ಬುದ್ಧಿ, ಬೆಕ್ಕಿನದಲ್ಲ.

ಹಾಸಿಗೆ ಮೇಲೆ, ನೆಲದ ಮೇಲೆ ಫಿನೈಲ್ ಸುರಿದು ಉಜ್ಜಿದ್ದೂ ತಪ್ಪೇ. ಫಿನೈಲ್ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಕಾಲು ನೆಕ್ಕಿಕೊಂಡರೂ ಹೊಟ್ಟೆಗೆ ಹೋಗುತ್ತದೆ. ಅಷ್ಟು ಮಾಡಿದರೂ ಉಚ್ಚೆಯ ವಾಸನೆ ನಮ್ಮ ಮೂಗಿಗೆ ಸಿಗದಿರಬಹುದು, ಬೆಕ್ಕಿನ ಮೂಗಿಗೆ ಸಿಗುತ್ತಲೇ ಇರುತ್ತದೆ. ಹಾಗಾಗಿ ಮತ್ತೆ ಅಲ್ಲೇ ಬರುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಎನ್‌ಝೈಮ್ ಇರುವ ಕ್ಲೀನರ್ ಸಿಗುತ್ತದೆ. ಈಗ ಅದನ್ನೇ ತರುತ್ತೇನೆ.

ಗುರುವಾರ ರಾತ್ರಿ ನಿದ್ದೆ ಬರಲಿಲ್ಲ. ಕಮಲಿ ನೆನಪಾದಳು. ಗುಂಡಣ್ಣನಿಗಿಂತ ಮುಂಚೆ ಇದ್ದ ಬೆಕ್ಕು ಅವಳು. 13ನೇ ವರ್ಷದಲ್ಲಿ ರಾತ್ರಿಯೆಲ್ಲ ಅರಚಲು ಶುರು ಮಾಡಿದಳು. ಎರಡು ಪಾಲು ತಿನ್ನುವಳು, ಮೈ ಮಾತ್ರ ದಿನೇ ದಿನೇ ಒಣಗುತ್ತಾ ಬಂತು. ವಯಸ್ಸಾಯ್ತು, ಅರಳುಮರಳು ಅಂತ ಸುಮ್ಮನಿದ್ದೆವು. ಅದು ಥೈರಾಯ್ಡ್ ಜಾಸ್ತಿಯಾಗಿದ್ದು. ವಯಸ್ಸಾದ ಬೆಕ್ಕುಗಳಲ್ಲಿ ತುಂಬಾ ಸಾಮಾನ್ಯ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯೂ ಇದೆ. ನಾವು ಪರೀಕ್ಷೆ ಮಾಡಿಸುವ ಹೊತ್ತಿಗೆ ಹೃದಯ ಸೋತಿತ್ತು. ಅವತ್ತಿನಿಂದ "ವಯಸ್ಸಾಯ್ತು" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ಪೆನ್ಸಿಲ್ ಹಿಡಿದು ನಿಂತೆ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ. ಹಿಂದಿನ ಒಂದು ತಿಂಗಳಲ್ಲಿ ಮನೆಯಲ್ಲಿ, ಬೀದಿಯಲ್ಲಿ ಏನೇನು ಬದಲಾಗಿದೆ ಅಂತ ನೆನಪಿಸಿಕೊಂಡು ಆಯಾ ತಾರೀಖಿನ ಮೇಲೆ ಬರೆದೆ. ಮದುವೆ. ಮಗನಿಗೆ ಹೊಸ ಹಾಸಿಗೆ. ವಾಷಿಂಗ್ ಮೆಷಿನ್ ರಿಪೇರಿ. ಎದುರು ಮನೆಯವರು ಖಾಲಿ ಮಾಡಿದ್ದು.

ಆಮೇಲೆ ಲಿಟರ್ ಟ್ರೇ, ಅಂದರೆ ಬೆಕ್ಕಿನ ಕಕ್ಕಸಿನ ಮರಳು ತಟ್ಟೆ. ಅದನ್ನು ಬಾಚುವುದು ಮಗನ ಕೆಲಸ. ಅವನು ಕಣ್ಣು ಮುಚ್ಚಿಕೊಂಡು ಬಾಚುತ್ತಾನೆ. ಅವತ್ತು ನಾನೇ ಕೂತು ನೋಡಿದೆ. ನಮ್ಮದು ಉಚ್ಚೆ ಬಿದ್ದಲ್ಲಿ ಉಂಡೆಕಟ್ಟುವ ಮರಳು. ಗುಂಡಣ್ಣ ದಿನಕ್ಕೆ ಮೂರು ಸಲ ಹೋಗುತ್ತಾನೆ, ಒಂದೊಂದು ಉಂಡೆಯೂ ಮೋಸಂಬಿಯಷ್ಟಿರುತ್ತದೆ. ಅವತ್ತು ಇದ್ದವು ಹನ್ನೊಂದು ಉಂಡೆ, ಎಲ್ಲವೂ ಅಡಿಕೆಯಷ್ಟು. ಒಂದರಲ್ಲಿ ಕುಂಕುಮ ಕದಡಿದ ಹಾಗೆ ಕೆಂಪು. ನಾನು ನೋಡುತ್ತಿರುವಾಗಲೇ ಬಂದ, ಕೂತ, ತಿಣುಕಿದ, ನಾಲ್ಕು ಹನಿ ಬಿಟ್ಟು ಎದ್ದು ಕೆಳಗೆ ನೆಕ್ಕಿಕೊಂಡ. ಮಗು ಹಟಕ್ಕೆ ಬಿದ್ದಿದೆ ಅಂದುಕೊಂಡಿದ್ದೆ, ಮಗುವಿಗೆ ಉರಿ ಉಚ್ಚೆ!

ಯಜಮಾನರು ಪಾಪ ನೋವಿಗೆ ಅಂತ ಕಾಲು ಮಾತ್ರೆ ಪ್ಯಾರಸಿಟಮಾಲ್ ಮುರಿದು ತಂದಿದ್ದರು. ಕೈಯಿಂದ ಕಿತ್ತುಕೊಂಡೆ. ನಮಗೆ ಜ್ವರ ಇಳಿಸುವ ಆ ಮಾತ್ರೆ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ. ಸಣ್ಣ ಚೂರಿಗೇ ಜೀವ ಹೋಗಬಹುದು.

ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಮೊದಲು ಮಾಡಿದ್ದು ಹೊಟ್ಟೆ ಒತ್ತಿ ಮೂತ್ರಚೀಲ ಮುಟ್ಟಿ ನೋಡಿದ್ದು. ಸಣ್ಣದಾಗಿ, ಮೆತ್ತಗಿತ್ತು. "ಬ್ಲಾಕ್ ಆಗಿಲ್ಲ, ಬಚಾವ್" ಅಂದರು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಒಂದು ಹನಿಯೂ ಬರುವುದಿಲ್ಲ. ಮೂತ್ರಚೀಲ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನದಲ್ಲೇ ಮುಗಿದುಹೋಗಬಹುದು. ಹಾಗಾಗಿ ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತಿದೆ, ಏನೂ ಬರುತ್ತಿಲ್ಲ ಅಂದರೆ ರಾತ್ರಿ ಎರಡು ಗಂಟೆಯಾದರೂ ಎತ್ತಿಕೊಂಡು ಓಡಬೇಕು. ಎಷ್ಟೋ ಜನ ಅದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಕಾಯುತ್ತಾರಂತೆ. ನಾನು ಮೂರು ದಿನ ಕಾದವಳು, ಯಾರಿಗೂ ಏನೂ ಹೇಳುವ ಹಾಗಿಲ್ಲ.

ಸ್ಕ್ಯಾನ್‌ನಲ್ಲಿ ಕಲ್ಲು ಇರಲಿಲ್ಲ. ಉಚ್ಚೆಯಲ್ಲಿ ರಕ್ತ ಇತ್ತು, ಸೋಂಕು ಇರಲಿಲ್ಲ. ಆಂಟಿಬಯಾಟಿಕ್ ಬೇಡ ಅಂದರು. ಈ ವಯಸ್ಸಿನ ಬೆಕ್ಕುಗಳಲ್ಲಿ ಸೋಂಕು ಅಪರೂಪವಂತೆ. ಮನಸ್ಸಿಗೆ ದಿಗಿಲಾದರೆ ಇವುಗಳಿಗೆ ಮೂತ್ರಚೀಲವೇ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ, ಕಾರಣ ಹೋಗದಿದ್ದರೆ ಮರುಕಳಿಸುತ್ತದೆ. ನೋವಿಗೆ ಔಷಧಿ ಬರೆದುಕೊಟ್ಟರು. ಒಣ ಕಾಳು ಕಡಿಮೆ ಮಾಡಿ ನೀರಿನಂಶ ಇರುವ ಊಟ ಹಾಕಿ ಅಂದರು. ಹಾಸಿಗೆಯ ಕಥೆಯೂ ಅಲ್ಲೇ ಬಿಡಿಸಿಕೊಂಡಿತು. ಟ್ರೇಗೆ ಹೋದಾಗಲೆಲ್ಲ ಉರಿಯುತ್ತದೆ, ಹಾಗಾಗಿ ಟ್ರೇಯೇ ಉರಿಸುತ್ತಿದೆ ಅಂದುಕೊಂಡು ಮೆತ್ತಗಿನ ಜಾಗ ಹುಡುಕಿದ್ದಾನೆ.

"ಮನೆಯಲ್ಲಿ ಏನು ಬದಲಾಯ್ತು?" ಅಂತ ಡಾಕ್ಟರ್ ಕೇಳಿದಾಗ ಕ್ಯಾಲೆಂಡರ್ ಫೋಟೋ ತೋರಿಸಿದೆ. ಮದುವೆ, ಹಾಸಿಗೆ ಎಲ್ಲ ನೋಡಿ, "ಕಚ್ಚಿದಾಗ ಎಲ್ಲಿ ಕೂತಿದ್ದ?" ಅಂದರು. ಕಿಟಕಿ. ಆ ಉಬ್ಬಿದ ಬಾಲ ಆಗ ನೆನಪಾಯಿತು. ಅವನು ನನ್ನನ್ನು ನೋಡಿ ಬಾಲ ಉಬ್ಬಿಸಿರಲಿಲ್ಲ.

ಶನಿವಾರ ಐದೂವರೆಗೆ ಎದ್ದು ದೀಪ ಹಾಕದೆ ಕಿಟಕಿ ಪಕ್ಕ ಕೂತೆ. ಹದಿನೈದು ನಿಮಿಷದಲ್ಲಿ ಕಾಂಪೌಂಡ್ ಮೇಲೆ ಬಂದ, ದಪ್ಪ ಕೆನ್ನೆಯ ಕರಿಬಿಳಿ ಗಂಡು ಬೆಕ್ಕು. ಎದುರು ಮನೆಯವರ ನಾಯಿ ಇರುವವರೆಗೆ ಯಾವ ಬೆಕ್ಕೂ ಈ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ದಾರಿ ಸಲೀಸು. ಇಳಿದು ಬಂದ, ನಮ್ಮ ಚಪ್ಪಲಿ ಸ್ಟ್ಯಾಂಡ್‌ಗೆ ಬೆನ್ನು ತಿರುಗಿಸಿ ನಿಂತ, ಬಾಲ ಅದುರಿಸುತ್ತಾ ಉಚ್ಚೆ ಚಿಮ್ಮಿಸಿದ. ಮೂರು ವಾರದಿಂದ "ಮೋರಿ ವಾಸನೆ" ಅಂತ ಪ್ಲಂಬರ್‌ಗೆ ಫೋನ್ ಮಾಡುತ್ತಿದ್ದೆವು! ಒಳಗೆ ಗುಂಡಣ್ಣ ಗಾಜಿಗೆ ಮೂಗು ಒತ್ತಿ ಗುರುಗುಟ್ಟುತ್ತಿದ್ದ. ಹೊರಗಿನವನನ್ನು ಹಿಡಿಯಲು ಆಗುವುದಿಲ್ಲ, ಬಿಡಲು ಮನಸ್ಸಿಲ್ಲ. ಆ ಹೊತ್ತಿಗೆ ಹತ್ತಿರ ಹೋದ ಕಾಲು ನನ್ನದು. ಅತ್ತೆ ಮೇಲೆ ಸಿಟ್ಟು ಕೊತ್ತಿ ಮೇಲೆ ಅಂತ ಗಾದೆ ಇದೆ. ನಮ್ಮ ಮನೆಯಲ್ಲಿ ಕೊತ್ತಿ ಮೇಲಿನ ಸಿಟ್ಟು ಸೊಸೆ ಮೇಲೆ.

ಮಾಡಿದ್ದು ದೊಡ್ಡ ಕೆಲಸವೇನಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೇ ಪೇಪರ್ ಅಂಟಿಸಿದೆ. ಚಪ್ಪಲಿ ಸ್ಟ್ಯಾಂಡ್ ತೊಳೆದು ಹಿತ್ತಲಿಗೆ ಸಾಗಿಸಿದೆ. ಟ್ರೇ ವಾಷಿಂಗ್ ಮೆಷಿನ್ ಪಕ್ಕ ಇತ್ತು. ಕೂತಾಗಲೇ ಅದು ಗಡಗಡ ಅಂದರೆ ಯಾರಿಗಾದರೂ ಬರುತ್ತದಾ? ಅದನ್ನು ರೂಮಿನ ಮೂಲೆಗೆ ಹಾಕಿ ಇನ್ನೊಂದು ಟ್ರೇ ಬೇರೆ ಕಡೆ ಇಟ್ಟೆ. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕು. ನೀರಿನ ಬಟ್ಟಲು ಊಟದ ತಟ್ಟೆಯಿಂದ ದೂರ, ಮೂರು ಕಡೆ.

ಆ ಕರಿಬಿಳಿ ಬೆಕ್ಕಿಗೆ ಹಿಂದಿನ ಬೀದಿಯ ಆಂಟಿ ಅನ್ನ ಹಾಕುತ್ತಾರೆ. ರಾಜ ಅಂತ ಹೆಸರಂತೆ. ಓಡಿಸುವುದಕ್ಕಿಂತ ಆಪರೇಷನ್ ಮಾಡಿಸೋಣ ಅಂದೆ, ಖರ್ಚು ಅರ್ಧ ಅರ್ಧ. ಅವರಿಗೂ ಖುಷಿ. ಆಪರೇಷನ್ ಆಗಿದೆ ಅನ್ನುವ ಗುರುತಿಗೆ ಕಿವಿ ತುದಿ ಕತ್ತರಿಸಿಕೊಂಡು ರಾಜ ವಾಪಸ್ ಬಂದ. ಹಾರ್ಮೋನು ಇಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಪೇಪರ್ ತೆಗೆಯಲಿಲ್ಲ. ಈಗಲೂ ಕಾಂಪೌಂಡ್ ಮೇಲೆ ಬಂದು ಕೂರುತ್ತಾನೆ, ಚಿಮ್ಮಿಸುವುದು ನಿಂತಿದೆ.

ಮೊನ್ನೆ ಭಾನುವಾರ ಗುಂಡಣ್ಣ ಮತ್ತೆ ಮುನಿಸಿಕೊಂಡ. ಯಾವಾಗಲೂ ಮಲಗುವುದು ಅತ್ತೆಯ ಕಾಲ ಬಳಿ. ಅವತ್ತು ಅವರ ರೂಮಿನ ಬಾಗಿಲಿಗೆ ಹೋಗಿ ಮೂಗು ಸೊಟ್ಟ ಮಾಡಿಕೊಂಡು ವಾಪಸ್ ಬಂದ. ನನಗೆ ಎದೆ ಧಸಕ್ಕೆಂದಿತು. ಟ್ರೇ ನೋಡಿದೆ, ಮೂರು ಮೋಸಂಬಿ. ಊಟ ಖಾಲಿ. ಕಾಂಪೌಂಡ್ ಮೇಲೆ ಯಾರೂ ಇಲ್ಲ. ಕ್ಯಾಲೆಂಡರ್‌ನಲ್ಲಿ ಹಾಲು ಒಂದು ಲೀಟರ್ ಅಂತ ಬಿಟ್ಟರೆ ಏನೂ ಇಲ್ಲ. ಕೊನೆಗೆ ಅತ್ತೆಯ ರೂಮಿಗೆ ಹೋದೆ. ಕಣ್ಣಲ್ಲಿ ನೀರು ಬರುವಷ್ಟು ನೀಲಗಿರಿ ಎಣ್ಣೆ ವಾಸನೆ. ಮಂಡಿ ನೋವಿಗೆ ಅರ್ಧ ಬಾಟಲಿ ತಿಕ್ಕಿಕೊಂಡು, "ಕೊತ್ತಿ ಯಾಕೆ ಬರಲಿಲ್ಲವೇ ಇವತ್ತು?" ಅಂತ ನನ್ನನ್ನೇ ಕೇಳಿದರು.