ನಿಮ್ಮ ಬಿಲ್ಲು ಗಿರಾಕಿಯ ಸ್ಪ್ಯಾಮ್‌ಗೆ ಬೀಳುತ್ತಿದೆಯೇ? ಡಿಎನ್‌ಎಸ್‌ನಲ್ಲಿ ಹೀಗೆ ಮಾಡಿ

ಬದಿಯಡ್ಕದಲ್ಲಿ ಅಡಿಕೆ ಸಸಿಗಳ ನರ್ಸರಿ ನಡೆಸುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಸ್ವಂತ ಡೊಮೇನ್ ಇದೆ, ಆ ಹೆಸರಿನಲ್ಲೇ ಇಮೇಲ್ ಕೂಡ ಇದೆ. ಆದರೂ ಪುತ್ತೂರಿನ ಗಿರಾಕಿಗೆ ಕಳಿಸಿದ ಬಿಲ್ಲು ಸ್ಪ್ಯಾಮ್‌ನಲ್ಲಿ ಹೋಗಿ ಕೂರುತ್ತದೆ. ಇದರಲ್ಲಿ ಗಿರಾಕಿಯ ತಪ್ಪೇನಿಲ್ಲ. ಲಕೋಟೆಯ ಮೇಲೆ ಯಾರ ಹೆಸರು ಬೇಕಾದರೂ ಬರೆದು ಅಂಚೆಗೆ ಹಾಕಬಹುದಲ್ವಾ? ಇಮೇಲ್ ಕೂಡ ಹಾಗೇ. ಅದಕ್ಕೇ ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿದೆ. ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು. ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎರಡು ಗುರುತುಗಳು ಇವು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಇವೆರಡರ ಜೊತೆ ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ದಾಖಲೆ) ಕೂಡ ಬೇಕು. ಸಣ್ಣ ಅಂಗಡಿಯಾದರೂ ಮೂರನ್ನೂ ಹಾಕಿಬಿಡುವುದೇ ಒಳ್ಳೆಯದು.

ಮೊದಲ ಪ್ರಶ್ನೆ: ನಿಮ್ಮ ಡೊಮೇನ್‌ನ ಬೀಗದ ಕೈ ಯಾರ ಹತ್ತಿರ ಇದೆ? ನಮ್ಮ ಕಾಸರಗೋಡಿನ ಕಡೆ ಎಷ್ಟೋ ಡೊಮೇನ್‌ಗಳನ್ನು ಮಂಗಳೂರಿನಲ್ಲಿರುವ ಅಳಿಯನೋ ಗಲ್ಫಿನಲ್ಲಿರುವ ತಮ್ಮನೋ ಕೊಂಡುಕೊಟ್ಟಿರುತ್ತಾರೆ. ಲಾಗಿನ್ ಅವರ ಹೆಸರಿನಲ್ಲೇ ಉಳಿದಿರುತ್ತದೆ. ಅದನ್ನು ಈಗಲೇ ಕೇಳಿ ತೆಗೆದುಕೊಳ್ಳಿ. ಇನ್ನೊಂದು ವಿಷಯ, ಡೊಮೇನ್ ಕೊಂಡ ಕಂಪನಿಯಲ್ಲೇ ಡಿಎನ್‌ಎಸ್ (ನಿಮ್ಮ ಡೊಮೇನ್‌ನ ವಿವರಗಳನ್ನು ಇಂಟರ್ನೆಟ್‌ಗೆ ತಿಳಿಸುವ ದಾಖಲೆಗಳ ಪಟ್ಟಿ) ಇರಬೇಕೆಂದಿಲ್ಲ. ಆ ಪಟ್ಟಿ ಇಟ್ಟುಕೊಂಡಿರುವ ನೇಮ್‌ಸರ್ವರ್ ಯಾವ ಕಂಪನಿಯದ್ದೋ ದಾಖಲೆಗಳನ್ನು ಅಲ್ಲೇ ಹಾಕಬೇಕು. ಬೇರೆ ಕಡೆ ಎಷ್ಟು ಬರೆದರೂ ಸುಮ್ನೆ ಶ್ರಮ.

ಲಾಗಿನ್ ಸಿಕ್ಕಿತೇ? ಸೆಟ್ಟಿಂಗ್ಸ್ ತೆರೆಯುವ ಮುಂಚೆ ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಡೊಮೇನ್ ಹೆಸರಿನಲ್ಲಿ ಯಾರ್‍ಯಾರು ಮೇಲ್ ಕಳಿಸುತ್ತಾರೆ ಅಂತ ಬರೆಯಿರಿ. ನಿಮ್ಮ ಇಮೇಲ್ ಸೇವೆ, ವೆಬ್‌ಸೈಟಿನ ಸಂಪರ್ಕ ಫಾರ್ಮ್, ಬಿಲ್ಲಿಂಗ್ ಸಾಫ್ಟ್‌ವೇರ್, ಹಬ್ಬಕ್ಕೆ ಶುಭಾಶಯ ಕಳಿಸುವ ಸೇವೆ. ಈ ಪಟ್ಟಿ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ.

ಈಗ ಎಸ್‌ಪಿಎಫ್. ನಿಮ್ಮ ಪರವಾಗಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಹೇಳುವ ದಾಖಲೆ ಇದು. ಡಿಎನ್‌ಎಸ್‌ನಲ್ಲಿ ಹೊಸ ಟಿಎಕ್ಸ್‌ಟಿ ರೆಕಾರ್ಡ್ (ಅಕ್ಷರಗಳಲ್ಲಿ ಬರೆದಿಡುವ ದಾಖಲೆ) ಸೇರಿಸಿ. ಹೋಸ್ಟ್ ಜಾಗದಲ್ಲಿ @ ಹಾಕಿ, ಅಂದರೆ ನಿಮ್ಮ ಡೊಮೇನ್ ಎಂದೇ ಅರ್ಥ. ಗೂಗಲ್ ವರ್ಕ್‌ಸ್ಪೇಸ್ (ಸ್ವಂತ ಡೊಮೇನ್‌ನಲ್ಲಿ ಇಮೇಲ್ ಕೊಡುವ ಗೂಗಲ್ ಸೇವೆ) ಬಳಸುವವರಿಗೆ ದಾಖಲೆ ಹೀಗಿರುತ್ತದೆ: 'ವಿ=ಎಸ್‌ಪಿಎಫ್1 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಮ್ ~ಆಲ್' (v=spf1 include:_spf.google.com ~all). ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹಾಕಬೇಕು. ನಿಮ್ಮ ಸೇವಾ ಕಂಪನಿಯ ಸಹಾಯ ಪುಟದಿಂದ ಕಾಪಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಬಿಲ್ಲಿಂಗ್ ಕಂಪನಿ ಹೇಳಿತು ಅಂತ ಎರಡನೆಯದನ್ನು ಸೇರಿಸಿದರೆ ಎರಡೂ ಕೆಡುತ್ತವೆ. ಹಳೆಯ ದಾಖಲೆಯನ್ನೇ ತೆರೆದು, ಹೊಸ 'ಇನ್‌ಕ್ಲೂಡ್' ಭಾಗವನ್ನು '~ಆಲ್' ಮೊದಲು ಸೇರಿಸಿ. ಈ ದಾಖಲೆಯನ್ನು ಓದುವಾಗ ಡಿಎನ್‌ಎಸ್‌ನಲ್ಲಿ ಹುಡುಕಾಟ 10ನ್ನು ಮೀರುವಂತಿಲ್ಲ. ಒಂದು 'ಇನ್‌ಕ್ಲೂಡ್' ಒಳಗೆ ಇನ್ನಷ್ಟು 'ಇನ್‌ಕ್ಲೂಡ್' ಇದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಈಗ ಬಳಸದ ಸೇವೆಗಳನ್ನು ತೆಗೆದುಹಾಕಿ.

ಡಿಕಿಮ್ ಎಂದರೆ ಪ್ರತಿ ಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಗೂಗಲ್‌ನ ಅಡ್ಮಿನ್ ಪುಟದಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ 2048 ಬಿಟ್‌ನ ಕೀ ತಯಾರಿಸಿ. ಅಲ್ಲಿ ಸಿಗುವ ಹೋಸ್ಟ್ ಹೆಸರು ಮತ್ತು ಉದ್ದದ ಸಾಲನ್ನು ಡಿಎನ್‌ಎಸ್‌ಗೆ ಹಾಕಿ. ಮತ್ತೆ ಅಡ್ಮಿನ್ ಪುಟಕ್ಕೆ ಬಂದು 'ಸ್ಟಾರ್ಟ್ ಅಥೆಂಟಿಕೇಶನ್' ಒತ್ತಿ. ಇದನ್ನು ಒತ್ತದಿದ್ದರೆ ನಿಮ್ಮ ಡೊಮೇನ್‌ನ ಸಹಿ ಬೀಳುವುದಿಲ್ಲ. ನೆನಪಿರಲಿ, ನಿಮ್ಮ ಮೇಲನ್ನು ಕನ್ನಡ ಸಂಘದ ಕಾರ್ಯದರ್ಶಿ ತಮ್ಮ ಇನ್ನೊಂದು ವಿಳಾಸಕ್ಕೆ ತಾನಾಗಿ ಹೋಗುವಂತೆ ಮಾಡಿಕೊಂಡಿದ್ದರೆ ಆಗ ಎಸ್‌ಪಿಎಫ್ ಸಾಮಾನ್ಯವಾಗಿ ಸೋಲುತ್ತದೆ. ಮೇಲ್‌ನಲ್ಲಿ ಏನೂ ಬದಲಾಗದಿದ್ದರೆ ಡಿಕಿಮ್ ಆಗಲೂ ಪಾಸಾಗುತ್ತದೆ.

ಇವೆರಡೂ ಎರಡು ದಿನ ಸರಿಯಾಗಿ ನಡೆದ ಮೇಲೆ ಡಿಮಾರ್ಕ್‌ಗೆ ಬನ್ನಿ. ಇದೂ ಟಿಎಕ್ಸ್‌ಟಿ ರೆಕಾರ್ಡೇ. ಹೋಸ್ಟ್ '_ಡಿಮಾರ್ಕ್' (_dmarc), ಅಷ್ಟೇ. ಎಷ್ಟೋ ಪ್ಯಾನೆಲ್‌ಗಳು ಡೊಮೇನ್ ಹೆಸರನ್ನು ತಾವೇ ಸೇರಿಸುತ್ತವೆ. ನೀವೂ ಪೂರ್ತಿ ಬರೆದರೆ ಹೆಸರು ಎರಡು ಸಲ ಬಂದು ದಾಖಲೆ ಕೆಲಸ ಮಾಡುವುದಿಲ್ಲ. ಸಾಲು ಹೀಗಿರಲಿ: 'ವಿ=ಡಿಮಾರ್ಕ್1; ಪಿ=ನನ್; ಆರ್‌ಯುಎ=ಮೇಲ್‌ಟು:' (v=DMARC1; p=none; rua=mailto:) ಮತ್ತು ವರದಿ ಬರಬೇಕಾದ ವಿಳಾಸ. 'ಡಿಮಾರ್ಕ್1' ಎಂಬುದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ.

'ನನ್' ಇರುವಾಗ ಯಾವ ಮೇಲನ್ನೂ ಡಿಮಾರ್ಕ್ ತಡೆಯುವುದಿಲ್ಲ, ವರದಿ ಮಾತ್ರ ಬರುತ್ತದೆ. ವರದಿಯಲ್ಲಿ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಿದ ಸರ್ವರ್‌ಗಳ ಐಪಿ ವಿಳಾಸಗಳು ಇರುತ್ತವೆ. ಕಾಗದದ ಪಟ್ಟಿಯಲ್ಲಿ ಬಿಟ್ಟುಹೋದ ಸೇವೆ ಯಾವುದು ಅಂತ ಗೊತ್ತಾಗುವುದು ಆಗಲೇ. ಕೆಲವು ವಾರ ನೋಡಿ, ಎಲ್ಲ ಸರಿಯಿದ್ದರೆ 'ನನ್' ಜಾಗದಲ್ಲಿ 'ಕ್ವಾರಂಟೈನ್' (ಸೋತ ಮೇಲ್ ಸ್ಪ್ಯಾಮ್‌ಗೆ) ಮಾಡಿ, ಆಮೇಲೆ 'ರಿಜೆಕ್ಟ್' (ಸೋತ ಮೇಲ್ ವಾಪಸ್). ಮೊದಲ ದಿನವೇ 'ರಿಜೆಕ್ಟ್' ಹಾಕುವುದು ಬೇಡ. ನಿಮ್ಮದೇ ಬಿಲ್ಲುಗಳು ವಾಪಸ್ ಬರುವ ಸಾಧ್ಯತೆ ಇದೆ.

ಪರೀಕ್ಷೆ ಸುಲಭ. ಯಾವುದಾದರೂ ಜಿಮೇಲ್ ವಿಳಾಸಕ್ಕೆ ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿ. ಮೂರರ ಮುಂದೆಯೂ 'ಪಾಸ್' ಎಂದಿರಬೇಕು. ಇಲ್ಲದಿದ್ದರೆ ಗಾಬರಿ ಬೇಡ, ಡಿಎನ್‌ಎಸ್ ಬದಲಾವಣೆ ಎಲ್ಲ ಕಡೆ ಹರಡಲು ಕೆಲವೊಮ್ಮೆ 48 ಗಂಟೆ ಬೇಕಾಗುತ್ತದೆ. ವೆಬ್‌ಸೈಟ್ ಫಾರ್ಮಿನಿಂದ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದಲೂ ಒಂದೊಂದು ಮೇಲ್ ಕಳಿಸಿ ನೋಡಿ. ನಿಮ್ಮ ಇನ್‌ಬಾಕ್ಸ್‌ನಿಂದ ಕಳಿಸಿದ್ದು ಪಾಸಾಗಿ, ಅವು ಸೋಲುವುದು ಮಾಮೂಲಿ.