ಮುಳುಗಿದ ಹಡಗಿನವರ ಶೌರ್ಯಕ್ಕೆ ಒಕ್ಕಣೆ ಬರೆಯುವುದು ಹೇಗೆ

ನಾನು ನೌಕಾಪಡೆಯ ರೈಟರ್ ಶಾಖೆಯಲ್ಲಿದ್ದವನು, ಕಾಗದಪತ್ರವೇ ನನ್ನ ಕೆಲಸವಾಗಿತ್ತು. ಶೌರ್ಯ ಪ್ರಶಸ್ತಿಯ ಶಿಫಾರಸು ಬರೆಯಲು ಕೂರುವ ಕಿರಿಯರಿಗೆ ಮೊದಲು ಓದಿಸುತ್ತಿದ್ದದ್ದು ಐಎನ್‌ಎಸ್ ಖುಕ್ರಿ ಯುದ್ಧನೌಕೆಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಮಹಾವೀರ ಚಕ್ರದ ಒಕ್ಕಣೆ, ಅಂದರೆ ಪದಕವನ್ನು ಏಕೆ ಕೊಡಲಾಯಿತೆಂದು ಹೇಳುವ ಅಧಿಕೃತ ಬರಹ.

1971ರ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್‌ನ ಟಾರ್ಪಿಡೊ ಬಡಿದು ಐಎನ್‌ಎಸ್ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. 67 ಮಂದಿ ಬದುಕಿದರು. ಹಡಗು ತೊರೆಯಲು ಮುಲ್ಲಾ ಶಾಂತವಾಗಿ ಆಜ್ಞೆ ಕೊಟ್ಟರು, ದೋಣಿ, ರಾಫ್ಟುಗಳಿಗೆ ಜನರನ್ನು ಇಳಿಸುವ ವ್ಯವಸ್ಥೆ ನೋಡಿಕೊಂಡರು, ತಮ್ಮ ಜೀವರಕ್ಷಕ ಸಾಧನವನ್ನು ಒಬ್ಬ ನಾವಿಕನಿಗೆ ಕೊಟ್ಟರು, ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ಮತ್ತೆ ಹಡಗನ್ನು ನಡೆಸುವ ಜಾಗವಾದ ಬ್ರಿಡ್ಜ್‌ಗೆ ಹೋದರು. ಹಡಗಿನೊಂದಿಗೆ ಅವರು ಮುಳುಗಿದ್ದನ್ನು ಕಂಡವರಿದ್ದಾರೆ. ಧೀರ, ಅಪ್ರತಿಮ ಎಂಬ ಮಾತುಗಳನ್ನೆಲ್ಲ ತೆಗೆದುಹಾಕಿದರೂ ಇಷ್ಟು ಕೆಲಸಗಳು ಉಳಿಯುತ್ತವೆ. ಒಕ್ಕಣೆಯ ಜೀವ ಅಲ್ಲಿದೆ.

ಆದ್ದರಿಂದ ಬದುಕಿ ಬಂದವರನ್ನು ಆದಷ್ಟು ಬೇಗ, ಒಬ್ಬೊಬ್ಬರನ್ನಾಗಿ ಮಾತನಾಡಿಸಿ. ನಾಲ್ಕು ಜನ ಒಟ್ಟಿಗೆ ಕುಳಿತರೆ ನಾಲ್ಕು ನೆನಪುಗಳು ಒಂದೇ ಕಥೆಯಾಗಿಬಿಡುತ್ತವೆ. ‘ಅವರು ಧೈರ್ಯ ತೋರಿದರೇ?’ ಎಂದು ಕೇಳಬೇಡಿ. ನೀವು ಎಲ್ಲಿ ನಿಂತಿದ್ದಿರಿ, ಬೆಳಕಿತ್ತೇ, ಯಾರ ದನಿ ಕೇಳಿಸಿತು, ರಾಫ್ಟ್ ಬಿಚ್ಚಿದವರು ಯಾರು ಎಂದು ಕೇಳಿ. ಕಣ್ಣಾರೆ ಕಂಡದ್ದನ್ನು ಒಂದು ಹಾಳೆಯಲ್ಲಿ, ಕೇಳಿ ತಿಳಿದದ್ದನ್ನು ಇನ್ನೊಂದರಲ್ಲಿ ಬರೆದುಕೊಳ್ಳಿ. ಕೇಳಿದ ಮಾತಿಗೆ ಕಂಡವರೊಬ್ಬರು ಸಿಗುವ ತನಕ ಅದು ಶಿಫಾರಸಿಗೆ ಬರಕೂಡದು.

ನಾಯಕತ್ವವನ್ನು ಕ್ಯಾಪ್ಟನ್‌ನಲ್ಲಿ ಮಾತ್ರ ಹುಡುಕಬೇಡಿ. ಕತ್ತಲೆಯಲ್ಲಿ ಏಣಿಯ ಬುಡದಲ್ಲಿ ನಿಂತು ಹೊಸ ಹುಡುಗರನ್ನು ಸಾಲಾಗಿ ಮೇಲೆ ಹತ್ತಿಸಿದ ಪೆಟಿ ಆಫೀಸರ್ (ನಾವಿಕರಲ್ಲೇ ಮೇಲ್ವಿಚಾರಕ) ಮಾಡಿದ್ದೂ ಅದನ್ನೇ. ಮೇಲಿನವರ ಹೆಸರು ತಾನಾಗಿಯೇ ದಿಲ್ಲಿ ತಲುಪುತ್ತದೆ. ಕೆಳಗಿನವರ ಹೆಸರನ್ನು ಯಾರಾದರೂ ಒಯ್ಯಬೇಕು.

ನನ್ನನ್ನು ಸದಾ ಕಾಡುವುದು ಎಂಜಿನ್ ಕೋಣೆ. ನೀರಿನ ಮಟ್ಟಕ್ಕಿಂತ ಕೆಳಗೆ ಕಾವಲಿನಲ್ಲಿದ್ದವರು ಏನು ಮಾಡಿದರೆಂದು ಹೇಳಲು ಎಷ್ಟೋ ಸಲ ಒಬ್ಬರೂ ಉಳಿದಿರುವುದಿಲ್ಲ. ಸಾಕ್ಷಿಯಿಲ್ಲದೆ ಪದಕ ಸಿಗದು, ಹಾಗೆಂದು ಕಟ್ಟುಕಥೆಯನ್ನೂ ಬರೆಯಬಾರದು. ಅವರ ಹೆಸರು, ಹುದ್ದೆ, ಆ ಹೊತ್ತಿನ ಕೆಲಸದ ಜಾಗ ಇಷ್ಟನ್ನು ತಪ್ಪಿಲ್ಲದೆ ದಾಖಲಿಸಿ, ಸ್ಮಾರಕದ ಪಟ್ಟಿಗೆ ಸೇರಿಸಿ. ಅದೂ ಗೌರವವೇ.

ಶತ್ರುವಿನೆದುರಿನ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳು. ಹಾಗಲ್ಲದ ಅವಘಡದಲ್ಲಿ ತೋರಿದ್ದಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು.

ಹಡಗು ಏಕೆ ಮುಳುಗಿತು ಎಂಬ ವಿಚಾರಣೆಯನ್ನು ಇದರೊಳಗೆ ಎಳೆಯಬೇಡಿ. ಜಲಾಂತರ್ಗಾಮಿಯನ್ನು ಶಬ್ದದಿಂದ ಪತ್ತೆಹಚ್ಚುವ ಖುಕ್ರಿಯ ಸೋನಾರ್ ಬಗ್ಗೆ, ವೇಗದ ಬಗ್ಗೆ ಇಂದಿಗೂ ಚರ್ಚೆಯಿದೆ, ಇರಲೂಬೇಕು. ಆದರೆ ಆ ಲೋಪಗಳನ್ನು ಮುಚ್ಚಲು ಪದಕ ಬಳಕೆಯಾದರೆ ಸತ್ತವರಿಗೇ ಅನ್ಯಾಯ.

ಕೊನೆಗೆ, ಹೆಸರಿನ ಕಾಗುಣಿತವನ್ನು ಸೇವಾ ದಾಖಲೆಯೊಂದಿಗೆ ಹೋಲಿಸಿ ನೋಡಿ, ಆಮೇಲೆ ಮನೆಯವರನ್ನೂ ಕೇಳಿ. ಪ್ರಶಸ್ತಿ ಪ್ರಕಟವಾದ ಮೇಲೆ ಒಕ್ಕಣೆಯನ್ನು ಅವರ ಮನೆಮಾತಿಗೆ ಅನುವಾದಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ತಾಯಿಯ ಅಥವಾ ಹೆಂಡತಿಯ ಹೆಸರಿಗೆ ಕಳಿಸಿ.