ಬಾಸ್ಟನ್ನಿನ ಸ್ಕಾಲಿ ಬ್ರೆಡ್: ಎಳ್ಳು ಉದುರದ ಹಾಗೆ ಮಾಡುವುದು

ಬಾಸ್ಟನ್ ಕಡೆ ಇರುವವರು ಸ್ಕಾಲಿ ಬ್ರೆಡ್ ನೋಡಿರುತ್ತೀರಿ ಅಲ್ವಾ? ಅಲ್ಲಿನ ಇಟಾಲಿಯನ್-ಅಮೆರಿಕನ್ ಬೇಕರಿಗಳ ಬಿಳಿ ಬ್ರೆಡ್. ಮೂರೆಳೆ ಜಡೆಯ ಹಾಗೆ ಹೆಣೆದು, ಮೈತುಂಬ ಎಳ್ಳು ಹಚ್ಚಿರುತ್ತಾರೆ. ನ್ಯೂ ಇಂಗ್ಲೆಂಡ್ (ಬಾಸ್ಟನ್ ಇರುವ ಅಮೆರಿಕದ ಈಶಾನ್ಯ ಭಾಗ) ದಾಟಿದರೆ ಸಿಗುವುದು ಅಪರೂಪ. ಮನೆಯಲ್ಲೇ ಮಾಡಿ, ತುಂಬಾ ಚೆನ್ನಾಗಿ ಬರುತ್ತದೆ.

ಹಿಂದಿನ ರಾತ್ರಿ 150 ಗ್ರಾಂ ಬ್ರೆಡ್ ಹಿಟ್ಟು (ಪ್ರೋಟೀನ್ ಹೆಚ್ಚಿರುವ ಮೈದಾ), 90 ಮಿ.ಲೀ. ನೀರು, ಚಿಟಿಕೆ ಯೀಸ್ಟ್ ಕಲಸಿ ಮುಚ್ಚಿಡಿ. ಇಟಲಿಯವರು ಇದಕ್ಕೆ ಬೀಗಾ ಅನ್ನುತ್ತಾರೆ. ಇದನ್ನು ಮಾತ್ರ ಬಿಡಬೇಡಿ, ರುಚಿಯೆಲ್ಲ ಇದರಲ್ಲೇ ಇದೆ. ಬೆಳಿಗ್ಗೆ ಇದಕ್ಕೆ ಇನ್ನೂ 350 ಗ್ರಾಂ ಹಿಟ್ಟು, 220 ಮಿ.ಲೀ. ನೀರು, ಒಂದು ಟೀ ಚಮಚ ಯೀಸ್ಟ್, 10 ಗ್ರಾಂ ಉಪ್ಪು, ಸ್ವಲ್ಪ ಆಲಿವ್ ಎಣ್ಣೆ ಹಾಕಿ ಹತ್ತು ನಿಮಿಷ ನಾದಿ. ಎರಡರಷ್ಟು ಉಬ್ಬಲಿ.

ಜಡೆ ಹಾಕುವಾಗ ಮಗಳಿಗೆ ಹಾಕಿದ ಹಾಗೆ ಬಿಗಿಯಾಗಿ ಎಳೆಯಬೇಡಿ. ಸಡಿಲ ಇರಲಿ, ಇಲ್ಲದಿದ್ದರೆ ಓವನ್‌ನಲ್ಲಿ ಉಬ್ಬುವಾಗ ಎಳೆಗಳು ಹರಿಯುತ್ತವೆ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೆಣೆದರೆ ಆಕಾರ ಸಮನಾಗಿ ಬರುತ್ತದೆ.

ಎಳ್ಳಿನ ವಿಷಯ. ಮೊದಲ ಸಲ ನಾನು ಸುಮ್ನೆ ಮೇಲೆ ಉದುರಿಸಿದ್ದೆ. ಕತ್ತರಿಸುವಾಗ ಅರ್ಧ ಎಳ್ಳು ಹಲಗೆ ಮೇಲೆ ಬಿತ್ತು! ಈಗ ಹೆಣೆದ ತಕ್ಷಣ ಮೊಟ್ಟೆಯ ಬಿಳಿ ಸವರಿ, ಎಳ್ಳು ಹಾಕಿ ಅಂಗೈಯಿಂದ ಮೆಲ್ಲಗೆ ಒತ್ತುತ್ತೇನೆ. ಮೊಟ್ಟೆ ತಿನ್ನದವರು ನೀರು ಸವರಿ, ಅದೂ ಹಿಡಿಯುತ್ತದೆ. ಹುರಿಯದ ಹಸಿ ಎಳ್ಳನ್ನೇ ಹಾಕಿ. ಹುರಿದದ್ದು ಕಪ್ಪಾಗಿ ಕಹಿಯಾಗುತ್ತದೆ.

ಮುಕ್ಕಾಲು ಗಂಟೆ ಬಿಟ್ಟು, 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ. ತಳಕ್ಕೆ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರಿದ ಮೇಲೆ ಕತ್ತರಿಸಿ.